ಪರೀಕ್ಷೆ ದಿನಗಳ ತಿಂಡಿ-ತಿನಿಸು: ಮಲೆನಾಡಿನ ವಿದ್ಯಾರ್ಥಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರುವರಿ ಬಂತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಅಡಿಕೆ ಕೊಯ್ಲಿನ ಮಾತು ಹಿಂದೆ ಸರಿಯುತ್ತದೆ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ, ಸಿಇಟಿ, ನೀಟ್ ಮಾತು ಮುಂದೆ ಬರುತ್ತದೆ. ಜೀವಶಾಸ್ತ್ರ ಕಲಿಸುವ ನನ್ನನ್ನು ಆ ದಿನಗಳಲ್ಲಿ ಪಾಠದ ಬಗ್ಗೆ ಕೇಳುವವರಿಗಿಂತ ಊಟದ ಬಗ್ಗೆ ಕೇಳುವವರೇ ಹೆಚ್ಚು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಆಹಾರದ ಅಲರ್ಜಿ ಇರುವವರು ಇಲ್ಲಿ ಓದಿದ್ದನ್ನು ಬದಿಗಿಟ್ಟು ತಮ್ಮ ವೈದ್ಯರ ಮಾತನ್ನೇ ಕೇಳಬೇಕು.

ಪರೀಕ್ಷೆಗೆಂದು ಬೇರೆ ಆಹಾರವೇ ಬೇಕೇ?

ಬೇಡ. ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ಅದು ಬಳಸುವ ಶಕ್ತಿ ಸುಮಾರು ಶೇ 20. ಇದನ್ನು ಕೇಳಿದ ತಕ್ಷಣ ಅನೇಕ ಅಮ್ಮಂದಿರು ಮಗುವಿನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾರೆ. ಆದರೆ ಓದದೆ ಸುಮ್ಮನೆ ಕುಳಿತಾಗಲೂ ಮಿದುಳು ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಬಳಸುತ್ತದೆ. ಗಣಿತ ಬಿಡಿಸಿದರೆ ಅದರ ಹಸಿವು ದುಪ್ಪಟ್ಟಾಗುವುದಿಲ್ಲ. ಅದಕ್ಕೆ ಬೇಕಾದದ್ದು ಗ್ಲೂಕೋಸ್ ಒಂದೇ ಹದದಲ್ಲಿ ಸಿಗುತ್ತಿರುವುದು. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಗಂಟಲವರೆಗೆ ಉಂಡು, ಸಂಜೆ ಬೇಕರಿಗೆ ಹೋಗಿ, ರಾತ್ರಿ ಹನ್ನೊಂದಕ್ಕೆ ನೂಡಲ್ಸ್ ಬೇಯಿಸುವ ಕ್ರಮದಲ್ಲಿ ತಪ್ಪಿರುವುದು ಪದಾರ್ಥಕ್ಕಿಂತ ಹೆಚ್ಚಾಗಿ ಹೊತ್ತು. ನಮ್ಮ ಅಡುಗೆಮನೆಯಲ್ಲಿ ಇರುವುದೇ ಸಾಕು, ಹೊತ್ತು ಸರಿಮಾಡಿಕೊಳ್ಳಿ ಎಂಬುದೇ ನಾನು ಎಲ್ಲರಿಗೂ ಹೇಳುವ ಮಾತು.

ಬಾದಾಮಿ, ಅಕ್ರೋಟು ನೆನೆಸಿಕೊಡುತ್ತಿದ್ದೇವೆ. ನೆನಪಿನ ಶಕ್ತಿ ಹೆಚ್ಚುತ್ತದೆಯೇ?

ಒಳ್ಳೆಯ ಆಹಾರ, ಕೊಡಿ. ಆದರೆ ಅಕ್ರೋಟು ಮಿದುಳಿನ ಆಕಾರದಲ್ಲಿದೆ ಎಂಬ ಕಾರಣಕ್ಕೆ ಮಿದುಳಿಗೆ ಹೋಗಿ ಸೇರುವುದಿಲ್ಲ. ಬಾದಾಮಿಯಲ್ಲಿ ನೂರು ಗ್ರಾಮಿಗೆ ಸುಮಾರು 21 ಗ್ರಾಂ ಪ್ರೋಟೀನ್ ಇದ್ದರೆ, ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಬೆಲೆಯ ಅಂತರ ನಿಮಗೇ ಗೊತ್ತು. ಸಾಲ ಮಾಡಿ ಬಾದಾಮಿ ತರುವ ಮನೆಗಳನ್ನು ಕಂಡಿರುವುದರಿಂದ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಹುರಿದ ಶೇಂಗಾ ಒಂದು ಹಿಡಿ, ಜೊತೆಗೆ ಒಂದು ಚೂರು ಬೆಲ್ಲ ಇದ್ದರೆ ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ.

ಹಾಲಿಗೆ ಬೆರೆಸುವ ಡಬ್ಬಿ ಪುಡಿಗಳ ಬಗ್ಗೆಯೂ ಕೇಳುತ್ತಾರೆ. ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ಎಂದು ಓದಿ. ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ದ ವಿಭಾಗದಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಬರಿಯ ಹಾಲು ಇಷ್ಟವಾಗದಿದ್ದರೆ ರಾಗಿ ಹುರಿಹಿಟ್ಟು ಹಾಕಿ ಕೊಡಿ.

ಒಂದೆಲಗದ ತಂಬುಳಿ ದಿನವೂ ತಿಂದರೆ ಓದಿದ್ದು ನೆನಪಿರುತ್ತದೆಯೇ?

ತೋಟದ ಬದುವಿನಲ್ಲಿ, ಅಬ್ಬಿ ನೀರು ಹರಿಯುವಲ್ಲಿ ಬೆಳೆಯುವ ಈ ಸೊಪ್ಪಿಗೆ ನಮ್ಮಲ್ಲಿ ದೊಡ್ಡ ಹೆಸರಿದೆ. ಇದರ ಮೇಲೆ ಪರೀಕ್ಷೆಗಳು ನಡೆದಿವೆಯಾದರೂ, ತಿಂದವರ ಅಂಕ ಏರುತ್ತದೆ ಎನ್ನುವಷ್ಟು ಗಟ್ಟಿ ಆಧಾರ ಸಿಕ್ಕಿಲ್ಲ. ಆದರೂ ನಾನು ಇದರ ಪಕ್ಷಪಾತಿ. ಕಾಯಿತುರಿ, ಜೀರಿಗೆ, ಎರಡು ಕಾಳು ಮೆಣಸಿನ ಜೊತೆ ಸೊಪ್ಪು ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ತುಪ್ಪದ ಒಗ್ಗರಣೆ ಕೊಟ್ಟ ತಂಬುಳಿ ಬಿಸಿಲಿನ ಮಧ್ಯಾಹ್ನ ಹೊಟ್ಟೆಗೆ ತಂಪು, ಜೀರ್ಣಕ್ಕೆ ಹಗುರ. ಎಣ್ಣೆ ತೇಲುವ ಸಾರಿನ ಬದಲು ಅದನ್ನು ಉಂಡವರು ಮೂರು ಗಂಟೆಗೆ ಎಚ್ಚರವಾಗಿ ಕುಳಿತಿರುತ್ತಾರೆ. ಅದು ಹಗುರವಾದ ಊಟದ ಫಲ, ಆದರೆ ಹೊಗಳಿಕೆ ಸೊಪ್ಪಿಗೆ ಸಲ್ಲುತ್ತದೆ. ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಏಕೆಂದರೆ ಅದು ಬೆಳೆಯುವುದೇ ಜೌಗು ಜಾಗದಲ್ಲಿ. ಹಿತ್ತಲಲ್ಲಿ ಇದ್ದರೆ ತಿನ್ನಿ. ಅದರ ಮಾತ್ರೆ, ಸಿರಪ್‌ಗಳಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಸಂಜೆ ನಾಲ್ಕರಿಂದ ಆರರ ನಡುವೆ ವಿಪರೀತ ಹಸಿವು. ಏನು ತಿನ್ನಬೇಕು?

ಇಡೀ ದಿನದಲ್ಲಿ ಕೆಡುವ ಹೊತ್ತು ಇದೇ. ಕಾಲೇಜಿನಿಂದ ಬಂದಿರುತ್ತೀರಿ, ಊಟ ಕರಗಿರುತ್ತದೆ, ಮುಂದೆ ನಾಲ್ಕೈದು ಗಂಟೆಯ ಓದು ಬಾಕಿ ಇರುತ್ತದೆ. ಆಗ ಕೈಗೆ ಮೊದಲು ಏನು ಸಿಗುತ್ತದೋ ಅದನ್ನೇ ತಿನ್ನುತ್ತೀರಿ. ಹಾಗಾಗಿ ಮೊದಲು ಸಿಗುವುದು ಒಳ್ಳೆಯದಾಗಿರುವಂತೆ ಮನೆಯವರು ನೋಡಿಕೊಳ್ಳಬೇಕು.

ಮಂಡಕ್ಕಿಯಿಂದ ಶುರುಮಾಡೋಣ, ಅದಿಲ್ಲದೆ ಶಿವಮೊಗ್ಗದ ಸಂಜೆ ಸಾಗುವುದಿಲ್ಲ. ಬರಿ ಮಂಡಕ್ಕಿ ಎಂದರೆ ಉಬ್ಬಿದ ಪಿಷ್ಟ. ಬೇಗ ಜೀರ್ಣವಾಗುತ್ತದೆ, ಗಂಟೆಯೊಳಗೆ ಮತ್ತೆ ಹಸಿವು. ಅದಕ್ಕೇ ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಶೇಂಗಾ, ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಕಾಯಿತುರಿ, ನಿಂಬೆರಸ ಸೇರಿಸಿದರೆ ಎರಡು ಮೂರು ಗಂಟೆ ಹೊಟ್ಟೆ ಸುಮ್ಮನಿರುತ್ತದೆ. ರಸ್ತೆ ಬದಿಯ ಮಂಡಕ್ಕಿ-ಮೆಣಸಿನಕಾಯಿ ಬೋಂಡ ವಾರಕ್ಕೊಮ್ಮೆ ಇರಲಿ. ಪರೀಕ್ಷೆಯ ಹಿಂದಿನ ಸಂಜೆ ಮಾತ್ರ ಬೇಡವೇ ಬೇಡ.

ಅವಲಕ್ಕಿ ಇನ್ನೂ ಅನುಕೂಲ, ಒಲೆಯನ್ನೇ ಕೇಳುವುದಿಲ್ಲ. ತೆಳು ಅವಲಕ್ಕಿಗೆ ಮೊಸರು, ಉಪ್ಪು, ಶುಂಠಿ ಚೂರು. ಸಿಹಿ ಬೇಕೆನಿಸಿದರೆ ಪುಟ್ಟಬಾಳೆ ಹಣ್ಣು, ಕಾಯಿತುರಿ, ಒಂದು ಚಮಚ ಜೋನಿ ಬೆಲ್ಲ. ಹಿಂದಿನ ರಾತ್ರಿ ನೆನೆಹಾಕಿದ ಕಡಲೆ ಅಥವಾ ಹೆಸರುಕಾಳಿನ ಉಸಲಿ, ಹೆಸರುಬೇಳೆಯ ಕೋಸಂಬರಿ, ಬೇಯಿಸಿದ ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್), ಬೆಳಗ್ಗೆ ಉಳಿದ ಅಕ್ಕಿರೊಟ್ಟಿಗೆ ಶೇಂಗಾ ಚಟ್ನಿಪುಡಿ, ಎಳ್ಳುಂಡೆ ಇವೆಲ್ಲವೂ ಆಗುತ್ತವೆ. ಇವುಗಳಲ್ಲಿ ಒಂದು ಸಮಾನ ಅಂಶವಿದೆ: ಪಿಷ್ಟದ ಜೊತೆ ಕಾಳು, ಮೊಸರು, ಮೊಟ್ಟೆ ಅಥವಾ ಎಣ್ಣೆಬೀಜ ಇದೆ. ಪ್ರೋಟೀನ್, ನಾರು, ಕೊಬ್ಬು ಜೊತೆಗಿದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ರಕ್ತಕ್ಕೆ ಸಕ್ಕರೆಯೂ ನಿಧಾನವಾಗಿ ಸೇರುತ್ತದೆ.

ಏಪ್ರಿಲ್ ಹೊತ್ತಿಗೆ ಹಲಸು ಹಣ್ಣಾಗುತ್ತದೆ. ನಾಲ್ಕೈದು ತೊಳೆ ತಿನ್ನಿ, ಹತ್ತಕ್ಕೆ ಹೋಗಬೇಡಿ. ಬೇಯಿಸಿದ ಹಲಸಿನ ಬೀಜ ರುಚಿಯೇ, ಸತ್ವವೂ ಇದೆ. ಆದರೆ ವಾಯು ಮಾಡುತ್ತದೆ, ಮರುದಿನ ಮೂರು ಗಂಟೆ ಮುಚ್ಚಿದ ಕೊಠಡಿಯಲ್ಲಿ ಕೂರಬೇಕಾದವರು ಯೋಚಿಸಿ. ಸಾಗರದ ಕಡೆಯ ನೆಂಟರು ತೊಡೆದೇವು ಎಂಬ ಸಿಹಿತಿಂಡಿ ಕಳಿಸಿದ್ದರೆ ಅದನ್ನು ಮುಟ್ಟಬೇಡಿ ಎನ್ನುವಷ್ಟು ಕಟುಕ ನಾನಲ್ಲ. ಊಟವಾದ ಮೇಲೆ ಒಂದು ತಿನ್ನಿ, ಖಾಲಿ ಹೊಟ್ಟೆಗೆ ಬೇಡ.

ಓದುತ್ತಲೇ ತಿನ್ನಬಹುದೇ?

ಪುಸ್ತಕದ ಪಕ್ಕ ಚಿಪ್ಸ್ ಪೊಟ್ಟಣ ಇಟ್ಟುಕೊಂಡವರಿಗೆ ತಿಂದ ಲೆಕ್ಕವೂ ಸಿಗುವುದಿಲ್ಲ, ಓದಿದ ಲೆಕ್ಕವೂ ಸಿಗುವುದಿಲ್ಲ. ಎದ್ದು ಜಗಲಿಗೆ ಬನ್ನಿ, ಹದಿನೈದು ನಿಮಿಷ ಕುಳಿತು ತಿನ್ನಿ, ಮೊಬೈಲ್ ಒಳಗೇ ಇರಲಿ. ತಿಂಡಿಯ ಹೊತ್ತೇ ವಿರಾಮವಾದರೆ ಬೇರೆ ವಿರಾಮ ಹುಡುಕಬೇಕಾಗಿಲ್ಲ.

ಬೇಕರಿ ತಿನಿಸು, ಬಿಸ್ಕತ್ತು ಪೂರ್ತಿ ಬಿಡಬೇಕೇ?

ಪೂರ್ತಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ ಎಂದು ಗೊತ್ತು. ಪಫ್ಸ್, ಖಾರ ಬನ್, ದಿಲ್‌ಪಸಂದ್‌ಗಳಲ್ಲಿ ಮುಖ್ಯವಾಗಿ ಇರುವುದು ಮೈದಾ ಮತ್ತು ಕೊಬ್ಬು, ಸಿಹಿಯಾದರೆ ಸಕ್ಕರೆಯೂ. ನಿತ್ಯ ತಿಂದರೆ ಹೊಟ್ಟೆ ಭಾರ, ತಲೆ ಮಂಪರು. ಬೆರೆಸಿದ ಸಕ್ಕರೆ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಶೇ 5 ಎಂದರೆ ದಿನಕ್ಕೆ ಸುಮಾರು ಆರು ಚಮಚ. ನಮ್ಮ ಕಾಫಿ-ಚಹಾಗಳೇ ಅದರಲ್ಲಿ ಅರ್ಧವನ್ನು ತಿಂದುಬಿಡುತ್ತವೆ.

ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿಹೋಗುತ್ತದೆ. ಏನು ಮಾಡುವುದು?

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಮೈ ತೂಗುವುದು ದೇಹದ ಗಡಿಯಾರದಲ್ಲೇ ಇದೆ. ಊಟ ಮಾಡದವರಿಗೂ ಸ್ವಲ್ಪ ಜೊಂಪು ಬರುತ್ತದೆ. ಅದರ ಮೇಲೆ ಗುಡ್ಡೆ ಅನ್ನ ಬಿದ್ದರೆ ಮುಗಿಯಿತು. ಅನ್ನವನ್ನು ಮೂರನೇ ಒಂದು ಭಾಗ ಕಡಿಮೆಮಾಡಿ, ಆ ಜಾಗಕ್ಕೆ ಪಲ್ಯ, ಕಾಳಿನ ಸಾರು, ಮೊಸರು ಹಾಕಿಕೊಳ್ಳಿ. ಮೀನು ತಿನ್ನುವವರಿಗೆ ಸಾರಿನ ಮೀನು ಬಹಳ ಒಳ್ಳೆಯದು, ಕರಿದದ್ದು ಬೇಡ. ಊಟವಾದೊಡನೆ ಓದಲು ಹಟ ಹಿಡಿಯುವುದಕ್ಕಿಂತ ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ಅಲಾರಾಂ ಇಟ್ಟು ಇಪ್ಪತ್ತು ನಿಮಿಷ ಮಲಗಿ ಏಳುವುದು ಲಾಭ. ಒಂದು ಗಂಟೆ ಮಲಗಿದರೆ ಎದ್ದ ಮೇಲೂ ಮಂಕು ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ ಮಲೆನಾಡಿನವರಿಗೆ ಮಾತ್ರ. ಮಾವಿನಕಾಯಿಯ ಕಾಲದಲ್ಲಿ ಅಪ್ಪೆಹುಳಿ ಮಾಡುತ್ತಾರಲ್ಲ, ಅದನ್ನು ಲೋಟದಲ್ಲಿ ಕುಡಿದು ಪುಸ್ತಕ ಹಿಡಿದವರು ಎಚ್ಚರವಿದ್ದ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕುಡಿದರೆ ನಿದ್ದೆ ಗ್ಯಾರಂಟಿ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ರಾತ್ರಿ ಊಟಕ್ಕೆ ಮಾಡಿಸಿಕೊಳ್ಳಿ.

ಕಾಫಿ, ಚಹಾ ಎಷ್ಟು ಕುಡಿಯಬಹುದು?

ಕಾಫಿ ಬೆಳೆಯುವ ಸೀಮೆಯ ಪಕ್ಕದಲ್ಲೇ ಕುಳಿತು ಕಾಫಿ ಬಿಡಿ ಎನ್ನುವುದು ಆಗದ ಮಾತು. ಕೆಫೀನ್ ಎಚ್ಚರ ತರುವುದು ನಿಜ. ಹದಿಹರೆಯದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತು. 50 ಕಿಲೋ ತೂಕದವರಿಗೆ ಅದು 150 ಮಿಲಿಗ್ರಾಂ. ನಮ್ಮ ಲೋಟದ ಲೆಕ್ಕದಲ್ಲಿ ದಿನಕ್ಕೆ ಎರಡು ಸಣ್ಣ ಲೋಟ ಫಿಲ್ಟರ್ ಕಾಫಿ ಎಂದಿಟ್ಟುಕೊಳ್ಳಿ. ಚಹಾದಲ್ಲಿ ಕೆಫೀನ್ ಇದಕ್ಕಿಂತ ಕಡಿಮೆ.

ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಕುಡಿದ ಕಾಫಿಯ ಅರ್ಧ, ಬೆಳಗಿನ ಜಾವ ಒಂದಕ್ಕೂ ರಕ್ತದಲ್ಲಿ ಇರುತ್ತದೆ. ನಿದ್ದೆ ಬಂದರೂ ಆಳವಾಗಿ ಬರುವುದಿಲ್ಲ. ಹಗಲಲ್ಲಿ ಓದಿದ್ದು ಗಟ್ಟಿಯಾಗಿ ಕೂರುವುದೇ ನಿದ್ದೆಯಲ್ಲಿ. ಕಾಫಿ ಕುಡಿದು ಎರಡು ಗಂಟೆ ಹೆಚ್ಚು ಓದಿ ನಿದ್ದೆ ಕೆಡಿಸಿಕೊಂಡರೆ, ಆ ದಿನ ಓದಿದ್ದಕ್ಕೇ ಪೆಟ್ಟು. ಕೊನೆಯ ಲೋಟ ಸಂಜೆ ನಾಲ್ಕಕ್ಕೆ ಮುಗಿಯಲಿ. ಖಾಲಿ ಹೊಟ್ಟೆಗೆ ಕುಡಿದು ಎದೆಯುರಿ ತಂದುಕೊಳ್ಳುವವರೂ ಬಹಳ. ಮೊದಲು ಏನಾದರೂ ಬಾಯಿಗೆ ಹಾಕಿಕೊಳ್ಳಿ.

ರಾತ್ರಿ ಬಿಸಿಯಾಗಿ ಏನಾದರೂ ಬೇಕೆಂದರೆ ಕಷಾಯ ಇದೆ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಮಾಡಿದ ಪುಡಿಯನ್ನು ನೀರಿನಲ್ಲಿ ಕುದಿಸಿ, ಹಾಲು ಮತ್ತು ಸ್ವಲ್ಪ ಬೆಲ್ಲ ಹಾಕಿದರಾಯಿತು. ಕೆಫೀನ್ ಇಲ್ಲವೇ ಇಲ್ಲ.

ಎನರ್ಜಿ ಡ್ರಿಂಕ್?

ಬೇಡ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇಂಥ ಪೇಯಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು, ಮಕ್ಕಳಿಗೆ ತಕ್ಕುದಲ್ಲ ಎಂದು ಡಬ್ಬಿಯ ಮೇಲೆ ಬರೆದಿರಲೇಬೇಕು. ಸಣ್ಣ ಡಬ್ಬಿಯೊಂದರಲ್ಲಿ ಐದಾರು ಚಮಚ ಸಕ್ಕರೆಯೂ ಇರುವುದುಂಟು. ಬಾಯಾರಿಕೆಗೆ ಮುರುಗಲ ಸಿಪ್ಪೆ ನೆನೆಸಿದ ಪಾನಕ, ನೀರುಮಜ್ಜಿಗೆ, ಎಳನೀರು ಇರುವ ಊರಿನಲ್ಲಿ ಅದಕ್ಕೆ ಏಕೆ ದುಡ್ಡು ಕೊಡಬೇಕೋ!

ನಿದ್ದೆ ಬರಬಾರದೆಂದು ಕೆಲವರು ಅಡಿಕೆ ಜಗಿಯುತ್ತಾರೆ. ತಪ್ಪೇ?

ಈ ಪ್ರಶ್ನೆಯನ್ನು ಹುಡುಗರು ನೇರವಾಗಿ ಕೇಳುವುದಿಲ್ಲ, ‘ನನ್ನ ಗೆಳೆಯನೊಬ್ಬ’ ಎಂದು ಶುರುಮಾಡುತ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ನರಗಳನ್ನು ಚುರುಕುಗೊಳಿಸುವುದು ನಿಜ, ಚಟವಾಗುವುದೂ ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ತನ್ನ ವರದಿಯಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಅಡಿಕೆಯ ದುಡ್ಡಿನಲ್ಲೇ ಕಾಲೇಜಿನ ಶುಲ್ಕ ಕಟ್ಟುವ ನಮ್ಮ ಮನೆಗಳಲ್ಲಿ ಈ ಮಾತು ಕಹಿ. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದೂ ಇಲ್ಲ. ಮಾರುಕಟ್ಟೆಯ ವಾದವನ್ನು ದೊಡ್ಡವರು ನೋಡಿಕೊಳ್ಳಲಿ. ಹದಿನೇಳರ ಹುಡುಗನ ಬಾಯಿಗೆ ಅದು ಬೇಡ. ಅಜ್ಜ ಊಟದ ನಂತರ ಕವಳ ಹಾಕುತ್ತಾರೆ ಎಂಬುದು ನಿಮಗೆ ಪರವಾನಗಿಯಲ್ಲ. ಪೊಟ್ಟಣದಲ್ಲಿ ಬರುವ ಪಾನ್ ಮಸಾಲಾ, ಗುಟ್ಕಾ ಬಗ್ಗೆ ಚರ್ಚೆಯೇ ಬೇಡ.

ಬಾಯಿ ಆಡುತ್ತಿದ್ದರೆ ನಿದ್ದೆ ಬಾರದು ಎನ್ನುವವರು ಒಣಗಿಸಿದ ನೆಲ್ಲಿಚೆಟ್ಟು, ಲವಂಗ, ಹುರಿದ ಸೋಂಪು ಇಟ್ಟುಕೊಳ್ಳಬಹುದು. ಅದಕ್ಕೂ ಬಗ್ಗದ ನಿದ್ದೆ ಬಂದರೆ ಅದು ಮಲಗಿ ಎಂದು ದೇಹ ಹೇಳುತ್ತಿರುವುದು. ಕೇಳಿ.

ರಾತ್ರಿ ಹನ್ನೊಂದಕ್ಕೆ ಹಸಿವಾದರೆ?

ಎಂಟಕ್ಕೆ ಉಂಡವರಿಗೆ ಹನ್ನೊಂದಕ್ಕೆ ಹಸಿವಾಗುವುದು ಸಹಜ. ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು, ಇಲ್ಲವೇ ಎರಡು ತುತ್ತು ಮೊಸರನ್ನ. ದಿನವೂ ರಾತ್ರಿ ಪೂರ್ತಿ ಊಟದಷ್ಟು ಹಸಿವಾಗುತ್ತಿದ್ದರೆ ಹಗಲಿನ ಊಟದಲ್ಲಿ ಏನೋ ತಪ್ಪಿದೆ, ಬೆಳಗಿನ ತಿಂಡಿಯನ್ನು ನೋಡಿ.

ಹಾಸ್ಟೆಲ್‌ನಲ್ಲಿದ್ದೇನೆ. ಒಲೆ ಇಲ್ಲ, ದುಡ್ಡೂ ಕಡಿಮೆ.

ಬಸ್ಸಿನಲ್ಲಿ ಊರಿಂದ ಬರುವಾಗ ಪುಸ್ತಕದ ಚೀಲದ ಜೊತೆ ಮೂರು ಡಬ್ಬಿ ತನ್ನಿ: ಹುರಿದ ಶೇಂಗಾ ಮತ್ತು ಹುರಿಗಡಲೆ ಬೆರೆಸಿದ್ದು ಒಂದು, ತೆಳು ಅವಲಕ್ಕಿ ಒಂದು, ಚಟ್ನಿಪುಡಿ ಒಂದು. ಗಾಳಿಯಾಡದ ಮುಚ್ಚಳ ಇರಲಿ, ಇಲ್ಲವಾದರೆ ನಮ್ಮ ಹವೆಯ ತೇವಕ್ಕೆ ಎರಡು ದಿನದಲ್ಲಿ ಮೆತ್ತಗಾಗಿ ವಾಸನೆ ಬರುತ್ತದೆ. ಮುಗ್ಗಿದ ಶೇಂಗಾವನ್ನು ಆರಿಸಿ ತಿನ್ನಬೇಡಿ, ಪೂರ್ತಿ ಎಸೆಯಿರಿ. ಅದರ ಮೇಲಿನ ಬೂಷ್ಟಿನಲ್ಲಿ ಯಕೃತ್ತಿಗೆ ವಿಷವಾಗುವ ಅಫ್ಲಾಟಾಕ್ಸಿನ್ ಇರಬಹುದು.

ಕಡಲೆ, ಹೆಸರುಕಾಳು ಮೊಳಕೆ ಬರಿಸಲು ಒಂದು ಬಟ್ಟೆ ಸಾಕು. ಕುದಿಯುವ ನೀರು ಸಿಗುತ್ತದೆ ಎಂದಾದರೆ ಅದರಲ್ಲಿ ಮೊಳಕೆಯನ್ನು ಸ್ವಲ್ಪ ಹೊತ್ತು ಮುಳುಗಿಸಿ ತಿನ್ನುವುದು ಕ್ಷೇಮ. ಬಾಳೆಹಣ್ಣು ಹಾಸ್ಟೆಲ್ ಗೇಟಿನ ಹೊರಗೇ ಸಿಗುತ್ತದೆ. ಮೆಸ್ಸಿನಲ್ಲಿ ಮೊಟ್ಟೆ ಕೊಡುವ ದಿನ ಬಿಡಬೇಡಿ. ಅಲ್ಲಿ ಸಾರು ತೆಳ್ಳಗಿದೆ ಎಂಬ ದೂರು ಎಲ್ಲ ಕಾಲಕ್ಕೂ ಇದ್ದದ್ದೇ, ಚಟ್ನಿಪುಡಿ ಇರುವುದು ಅದಕ್ಕಾಗಿಯೇ.

ಮಗಳು ಚೆನ್ನಾಗಿ ಉಣ್ಣುತ್ತಾಳೆ, ಆದರೂ ಯಾವಾಗಲೂ ಸುಸ್ತು ಎನ್ನುತ್ತಾಳೆ. ಪರೀಕ್ಷೆಯ ಭಯವೇ?

ಭಯ ಎಂದು ತೀರ್ಮಾನಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು, ಓದಿದ ಸಾಲನ್ನೇ ಮತ್ತೆ ಓದುವುದು ಇವೆಲ್ಲ ಅದರ ಲಕ್ಷಣಗಳೂ ಆಗಿರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಬಹಳ ಮಕ್ಕಳು ಕಿಟಕಿಯಿಂದ ಹೊರಗೆ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ.

ಹರಿವೆ, ನುಗ್ಗೆ ಸೊಪ್ಪು, ಹುರುಳಿ, ಎಳ್ಳು ತಟ್ಟೆಯಲ್ಲಿ ಬರಲಿ, ಜೊತೆಗೆ ನಿಂಬೆ, ಪೇರಲೆ, ನೆಲ್ಲಿಕಾಯಿ ಇರಲಿ. ಸಿ ಜೀವಸತ್ವ ಜೊತೆಗಿದ್ದರೆ ಕಬ್ಬಿಣಾಂಶವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಜೊತೆ ಕುಡಿದ ಕಾಫಿ-ಚಹಾ ಅದಕ್ಕೆ ಅಡ್ಡಿ ಮಾಡುತ್ತದೆ. ನಡುವೆ ಒಂದು ಗಂಟೆಯಾದರೂ ಬಿಡಿ. ಮುಟ್ಟಿನ ದಿನಗಳಲ್ಲಿ ಹುಡುಗಿಯರಿಗೆ ಇದು ತಿನ್ನಬಾರದು, ಅದು ಮುಟ್ಟಬಾರದು ಎಂಬ ಕಟ್ಟಳೆ ಇನ್ನೂ ಇರುವ ಮನೆಗಳಿವೆ. ಹೊಟ್ಟೆ ತುಂಬ, ಬಿಸಿಯಾಗಿ, ಕೇಳಿದ್ದನ್ನು ಕೊಡಿ.

ಉಪವಾಸವಿದ್ದು ಓದಬಹುದೇ?

ಶಿವರಾತ್ರಿ ಒಂದು ದಿನದ ಮಾತು. ರಂಜಾನ್ ತಿಂಗಳು ಈಗ ಕೆಲವು ವರ್ಷಗಳಿಂದ ಫೆಬ್ರುವರಿ-ಮಾರ್ಚ್‌ನಲ್ಲೇ ಬರುತ್ತಿರುವುದರಿಂದ ನನ್ನ ಹಲವು ವಿದ್ಯಾರ್ಥಿಗಳು ರೋಜಾ ಹಿಡಿದೇ ಪರೀಕ್ಷೆ ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ. ಬೆಳಗಿನ ಜಾವದ ಊಟವಾದ ಸಹರಿಯಲ್ಲಿ ಬೇಗ ಕರಗದ ಆಹಾರ ಇರಲಿ: ರೊಟ್ಟಿ, ಮೊಟ್ಟೆ, ಕಾಳು, ಮೊಸರು. ಉಪ್ಪು-ಖಾರ ಹೆಚ್ಚಿದ್ದರೆ ಹಗಲೆಲ್ಲ ಬಾಯಾರಿಕೆ. ಇಫ್ತಾರಿನಲ್ಲಿ ಖರ್ಜೂರ, ನೀರು, ಹಣ್ಣು ತಿಂದು ಸ್ವಲ್ಪ ಬಿಟ್ಟು ಊಟ ಮಾಡಿ. ಒಮ್ಮೆಗೇ ಸಮೋಸ, ಬಿರಿಯಾನಿಗೆ ಕೈಹಾಕಿದರೆ ಆ ರಾತ್ರಿಯ ಓದು ಹೋಯಿತು. ಕಷ್ಟದ ವಿಷಯವನ್ನು ಸಹರಿಯ ನಂತರದ ಎರಡು ಗಂಟೆಗೆ ಇಟ್ಟುಕೊಳ್ಳುವುದು ಜಾಣತನ. ಕಾಯಿಲೆ ಇರುವವರು ಮನೆಯ ಹಿರಿಯರನ್ನೂ ವೈದ್ಯರನ್ನೂ ಮೊದಲೇ ಕೇಳಲಿ.

ಆತಂಕಕ್ಕೆ ಊಟವೇ ಸೇರುವುದಿಲ್ಲ.

ಹೆದರಿದಾಗ ಹೊಟ್ಟೆ ಮುಚ್ಚಿಕೊಳ್ಳುವುದು ದೇಹದ ಸ್ವಭಾವ. ಒತ್ತಾಯ ಮಾಡಿ ತಟ್ಟೆ ತುಂಬಿಸಬೇಡಿ. ಗಂಜಿಗೆ ಸ್ವಲ್ಪ ತುಪ್ಪ, ಒಂದು ಮಿಡಿ ಉಪ್ಪಿನಕಾಯಿ; ತಿಳಿಸಾರು; ಮಜ್ಜಿಗೆ. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಊಟದ ಹೊತ್ತಿನಲ್ಲಿ ‘ಎಷ್ಟು ಪಾಠ ಮುಗಿಯಿತು?’ ಎಂದು ಕೇಳುವುದನ್ನು ಅಪ್ಪ-ಅಮ್ಮ ನಿಲ್ಲಿಸಿದರೆ ಅರ್ಧ ಹಸಿವು ತಾನಾಗಿ ಮರಳುತ್ತದೆ. ವಾರಗಟ್ಟಲೆ ಊಟ-ನಿದ್ದೆ ಎರಡೂ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಮಳೆಗಾಲದ ಪರೀಕ್ಷೆಗಳಲ್ಲಿ ಕರಿದದ್ದೇ ಬೇಕೆನಿಸುತ್ತದೆ.

ಜೂನ್-ಜುಲೈನಲ್ಲಿ ಪದವಿ ಪರೀಕ್ಷೆ, ಪೂರಕ ಪರೀಕ್ಷೆ ಬರೆಯುವವರ ಕಷ್ಟ ಇದು. ಹೊರಗೆ ಜಡಿಮಳೆ, ಕರೆಂಟು ಇಲ್ಲ, ಒಳಗೆ ಬೋಂಡದ ಆಸೆ. ಹಲಸಿನ ಹಪ್ಪಳವನ್ನು ಕರಿಯುವ ಬದಲು ಕೆಂಡದಲ್ಲಿ ಸುಟ್ಟು, ಕಾಯಿಚೂರಿನ ಜೊತೆ ತಿಂದು ನೋಡಿ. ಎಣ್ಣೆಯ ಭಾರವಿಲ್ಲ, ರುಚಿ ಒಂದು ಕೈ ಮೇಲೆಯೇ. ಮೆಣಸಿನ ಸಾರು ಲೋಟದಲ್ಲಿ, ಬಿಸಿ ಕಡುಬು, ಸುಟ್ಟ ಗೆಣಸು, ಬೇಯಿಸಿದ ಮೆಕ್ಕೆಜೋಳ. ಚಳಿಯೆಂದು ನೀರು ಕುಡಿಯುವುದನ್ನೇ ಮರೆಯುತ್ತಾರೆ, ತಲೆನೋವಿಗೆ ಅದೂ ಒಂದು ಕಾರಣ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಬೇಸಿಗೆಗೂ ಇದೇ ಅಳತೆ.

ತಿಂದಾದ ಮೇಲೆ ತೋಟ, ಗುಡ್ಡದ ಕಡೆ ನಡೆದು ಬರಬಹುದೇ?

ನಡೆಯಿರಿ. ಆದರೆ ಕಾಡಿನ ಅಂಚಿಗೆ, ದರಕು (ಒಣಗಿದ ಎಲೆ) ಬಿದ್ದಲ್ಲಿ ಪುಸ್ತಕ ಹಿಡಿದು ಕೂರಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅದರ ಕಾಲವೂ ನಮ್ಮ ಪರೀಕ್ಷೆಯ ಕಾಲವೂ ಒಂದೇ: ಡಿಸೆಂಬರಿನಿಂದ ಮೇವರೆಗೆ. ರಸ್ತೆಯಲ್ಲೋ ಅಂಗಳದಲ್ಲೋ ನಡೆದರೆ ಸಾಕು.

ಬೆಳಗ್ಗೆ ಹತ್ತರ ಪರೀಕ್ಷೆಗೆ ಏನು ತಿಂದು ಹೊರಡಬೇಕು? ಬಸ್ಸಿನಲ್ಲಿ ವಾಂತಿಯಾಗುತ್ತದೆ.

ದಿನವೂ ತಿನ್ನುವುದನ್ನೇ ತಿನ್ನಿ. ಕಡುಬು-ಚಟ್ನಿ ರೂಢಿಯಾದವರಿಗೆ ಕಡುಬು, ರೊಟ್ಟಿಯವರಿಗೆ ರೊಟ್ಟಿ, ಇಡ್ಲಿಯವರಿಗೆ ಇಡ್ಲಿ. ಹೊಸ ತಿಂಡಿಯ ಪ್ರಯೋಗಕ್ಕೆ ಇದು ದಿನವಲ್ಲ. ‘ಶುಭವಾಗಲಿ’ ಎಂದು ಕೇಸರಿಬಾತು ಮಾಡುವುದಾದರೆ ಒಂದೇ ಚಮಚ. ಪರೀಕ್ಷೆಗೆ ಎರಡು ಗಂಟೆ ಮೊದಲು ತಿಂಡಿ ಮುಗಿದಿರಲಿ.

ತಿರುವಿನ ರಸ್ತೆಯಲ್ಲಿ ಗಂಟೆಗಟ್ಟಲೆ ಬರುವವರ ಕಷ್ಟ ಬೇರೆ. ಖಾಲಿ ಹೊಟ್ಟೆಯೂ ವಾಂತಿ ತರಿಸುತ್ತದೆ, ತುಂಬಿದ ಹೊಟ್ಟೆಯೂ ತರಿಸುತ್ತದೆ. ಹೊರಡುವಾಗ ಎರಡು ಇಡ್ಲಿಯಷ್ಟು ಹಗುರವಾಗಿ ತಿಂದು, ಇಳಿದ ಮೇಲೆ ಬಾಳೆಹಣ್ಣು, ಚಿಕ್ಕಿ ತಿನ್ನಿ. ಬಸ್ಸಿನ ಮುಂಭಾಗದಲ್ಲಿ ಕುಳಿತು ದೂರದ ರಸ್ತೆ ನೋಡಿ; ಕೊನೆಯ ಗಳಿಗೆಯ ಓದಿಗೆಂದು ಪುಸ್ತಕ ತೆರೆದವರೇ ಮೊದಲು ವಾಂತಿ ಮಾಡುವುದು. ಬಾಯಲ್ಲಿ ಒಂದು ಚೂರು ಶುಂಠಿ ಇದ್ದರೆ ಹಲವರಿಗೆ ಹಿತವಾಗುತ್ತದೆ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ, ಪರೀಕ್ಷೆಯ ದಿನವೇ ಮೊದಲ ಬಾರಿ ನುಂಗಬೇಡಿ. ನೆಂಟರ ಮನೆ ಪೇಟೆಯಲ್ಲಿದ್ದರೆ ಹಿಂದಿನ ಸಂಜೆಯೇ ಬಂದು ಉಳಿಯುವುದು ಎಲ್ಲಕ್ಕಿಂತ ಮೇಲು.

ಪರೀಕ್ಷೆಯ ನಡುವೆ ಹೊಟ್ಟೆ ಕೆಟ್ಟರೆ?

ಪರೀಕ್ಷೆಗೆ ಮೂರು ದಿನ ಮೊದಲಿಂದ ಹೊರಗಿನ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್, ಪಾನಿಪೂರಿ ಬಿಡಿ, ಕುದಿಸಿದ ನೀರು ಕುಡಿಯಿರಿ. ಆದರೂ ಭೇದಿಯಾದರೆ ಔಷಧ ಅಂಗಡಿಯ ಓಆರ್‌ಎಸ್ ಪುಡಿ ತನ್ನಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಜ್ವರ ಅಥವಾ ರಕ್ತ ಕಂಡರೆ ಮನೆಮದ್ದನ್ನು ನೆಚ್ಚಿಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ.

ನೀಟ್ ಮಧ್ಯಾಹ್ನ ಎರಡಕ್ಕೆ. ಊಟ ಯಾವಾಗ? ಒಳಗೆ ಏನಾದರೂ ಒಯ್ಯಬಹುದೇ?

ಇತ್ತೀಚಿನ ವರ್ಷಗಳಲ್ಲಿ ಒಂದೂವರೆಗೆ ಗೇಟು ಮುಚ್ಚುತ್ತಾರೆ, ತಪಾಸಣೆಯ ಸಾಲು ಅದಕ್ಕೂ ಬಹಳ ಮೊದಲೇ ಬೆಳೆದಿರುತ್ತದೆ. ಹಾಗಾಗಿ ಬೆಳಗ್ಗೆ ಎಂಟಕ್ಕೆ ಸರಿಯಾದ ತಿಂಡಿ, ಹನ್ನೊಂದರ ಸುಮಾರಿಗೆ ಹಗುರವಾದ ಊಟ: ಮೊಸರನ್ನ, ಪಲ್ಯ, ಇಲ್ಲವೇ ಚಪಾತಿ-ಪಲ್ಯ. ಸಾಲಿಗೆ ಸೇರುವ ಮೊದಲು ಒಂದು ಬಾಳೆಹಣ್ಣು. ಮೇ ತಿಂಗಳ ಬಿಸಿಲು, ಸಾಲಿನಲ್ಲಿ ನಿಂತಾಗ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಒಮ್ಮೆಗೇ ಬಾಟಲಿ ಖಾಲಿ ಮಾಡಿದರೆ ನಡುವೆ ಎದ್ದು ಹೋಗಬೇಕಾದೀತು. ಒಳಗೆ ತಿನಿಸು ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಮಾತ್ರೆ, ಬಾಳೆ-ಸೇಬಿನಂಥ ಹಣ್ಣು, ಪಾರದರ್ಶಕ ಬಾಟಲಿಯ ನೀರಿಗೆ ಅವಕಾಶವಿದೆ. ಆ ವರ್ಷದ ಸೂಚನೆಯನ್ನು ಪ್ರವೇಶ ಪತ್ರದ ಜೊತೆ ಓದಿಕೊಂಡು, ವೈದ್ಯರ ಪತ್ರ ಇಟ್ಟುಕೊಳ್ಳಿ.

ಮನೆಯಲ್ಲಿ ಅಣಕು ಪರೀಕ್ಷೆ ಬರೆಯುವಾಗಲೂ ಎರಡರಿಂದ ಐದರವರೆಗೇ ಬರೆಯಿರಿ, ಹನ್ನೊಂದಕ್ಕೇ ಉಣ್ಣಿ. ಜೊಂಪಿನ ಹೊತ್ತಿನಲ್ಲಿ ಎಚ್ಚರವಿರುವ ಅಭ್ಯಾಸ ಒಂದೇ ದಿನದಲ್ಲಿ ಬರುವುದಿಲ್ಲ.

ಸಿಇಟಿಯಲ್ಲಿ ಒಂದೇ ದಿನ ಎರಡು ಪರೀಕ್ಷೆ. ನಡುವಿನ ಹೊತ್ತಿನಲ್ಲಿ ಏನು ಮಾಡಬೇಕು?

ಇತ್ತೀಚಿನ ವೇಳಾಪಟ್ಟಿಗಳಲ್ಲಿ ಮೊದಲನೆಯದು 10.30ರಿಂದ 11.50, ಎರಡನೆಯದು 2.30ರಿಂದ 3.50. ಹೊರಗೆ ಬಂದ ಕೂಡಲೇ ಗುಂಪುಗೂಡಿ ಉತ್ತರ ಹೋಲಿಸಲು ನಿಂತರೆ ಊಟ ಒಂದೂವರೆಗೆ ಜಾರುತ್ತದೆ, ಎರಡನೇ ಪತ್ರಿಕೆಗೆ ತೂಕಡಿಕೆ ಜೊತೆಯಲ್ಲೇ ಬರುತ್ತದೆ. ಹನ್ನೆರಡೂಕಾಲಿಗೆ ಬುತ್ತಿ ಬಿಚ್ಚಿ. ಚಿತ್ರಾನ್ನ, ಮೊಸರನ್ನ ಇವು ಬುತ್ತಿಗೆ ಸರಿ. ಏಪ್ರಿಲ್ ಸೆಖೆಗೆ ಹುಳಿಯಾಗದಂತೆ ಅನ್ನಕ್ಕೆ ಹಾಲು ಹೆಚ್ಚು, ಮೊಸರು ಕಡಿಮೆ ಬೆರೆಸಿದ್ದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಕಾಯಿ ಹಾಕಿದ ಚಟ್ನಿ ಮಾತ್ರ ಕಟ್ಟಬೇಡಿ, ಬಿಸಿಲಿಗೆ ಬೇಗ ಹಳಸುತ್ತದೆ. ಉಂಡು ಮರದ ನೆರಳಿನಲ್ಲಿ ಸ್ವಲ್ಪ ಕಣ್ಣು ಮುಚ್ಚಿ. ಕಾಫಿ ಅಭ್ಯಾಸವಿದ್ದವರು ಒಂದೂವರೆಗೆ ಸಣ್ಣ ಲೋಟ ಕುಡಿಯಬಹುದು, ಅರ್ಧ ಗಂಟೆಯಲ್ಲಿ ಅದು ಕೆಲಸ ಶುರುಮಾಡಿರುತ್ತದೆ. ಕಾಯುತ್ತಾ ನಿಂತ ಅಪ್ಪ-ಅಮ್ಮಂದಿರೂ ಬುತ್ತಿಯಲ್ಲಿ ತಮ್ಮ ಪಾಲು ಕಟ್ಟಿಕೊಂಡು ಬನ್ನಿ. ಅವರು ಉಪವಾಸ ನಿಂತಿರುವುದನ್ನು ಕಂಡರೆ ಮಕ್ಕಳಿಗೆ ತುತ್ತು ಇಳಿಯುವುದಿಲ್ಲ.